ಹಳೇ ಮನೆಯ ಕಟ್ಟಿಗೆ ಹೊಸ ಮನೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಳಂದ, ಸೇಡಂ, ಜೇವರ್ಗಿ, ಅಫಜಲಪುರ ಎಲ್ಲಿ ನೋಡಿದರೂ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳು ಒಂದೊಂದಾಗಿ ಬಿಚ್ಚುತ್ತಿವೆ. ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಏಳುತ್ತದೆ. ಮುತ್ಯಾನ ಕಾಲದ ತೊಲೆ, ಕಂಬ, ಬಾಗಿಲು ಅಂಗಳದಲ್ಲಿ ರಾಶಿ ಬೀಳುತ್ತವೆ. ಮಾರೋದಾ, ಸುಡೋದಾ, ಹೊಸ ಮನೆಗೆ ಹಾಕೋದಾ ಅಂತ ಮನೆಯವರೆಲ್ಲ ಕೇಳುತ್ತಾರೆ. ಕಲಬುರಗಿಯಲ್ಲಿ ಮನೆ ಕಟ್ಟಿಸುವವರ ಜೊತೆ ಓಡಾಡುವಾಗ ನನಗೆ ಮತ್ತೆ ಮತ್ತೆ ಸಿಗುವ ಪ್ರಶ್ನೆಗಳು ಇವು.

ಯಾವಾಗ ಶುರು ಮಾಡಬೇಕು? ಮನೆ ಬಿಚ್ಚಿದ ಮೇಲೆ ನೋಡಿದರೆ ಸಾಲದಾ?

ಸಾಲದು. ಹೊಸ ಮನೆಯ ನಕ್ಷೆ ಬರೆಸುವ ಮೊದಲೇ ಕಟ್ಟಿಗೆ ಅಳೆಯಬೇಕು. ನನ್ನ ಮಾತಿನಲ್ಲಿ ಮುಖ್ಯವಾದದ್ದು ಇದೊಂದೇ, ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಎಲ್ಲರೂ ಮಾಡುವುದು ತಿರುಗಾ ಮುರುಗಾ. ಮೊದಲು ನಕ್ಷೆ ಪಾಸ್ ಆಗುತ್ತದೆ, ಪಿಲ್ಲರ್ ಏಳುತ್ತದೆ, ಸ್ಲ್ಯಾಬ್ ಬೀಳುತ್ತದೆ. ಆಮೇಲೆ ಬಡಿಗೇರರನ್ನು ಕರೆದು "ಈ ಕಟ್ಟಿಗೆ ಎಲ್ಲಿಗಾದರೂ ಹಚ್ಚಿ" ಅನ್ನುತ್ತಾರೆ. ಆಗ ಹನ್ನೆರಡು ಅಡಿಯ ತೊಲೆಯನ್ನು ಏಳಕ್ಕೆ ಕೊಯ್ಯುವುದೊಂದೇ ದಾರಿ. ಉಳಿದ ಐದಡಿ ಒಲೆಗೆ.

ಒಂದು ಲೆಕ್ಕ ನೋಡಿ. 8 ಇಂಚು ಅಗಲ, 6 ಇಂಚು ದಪ್ಪ, 10 ಅಡಿ ಉದ್ದದ ಒಂದು ತೊಲೆ ಇದೆ. ಅಗಲ, ದಪ್ಪ, ಉದ್ದ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 480 ಭಾಗಿಸು 144, ಅಂದರೆ ಸುಮಾರು 3.3. ಆದರೆ ಹಳೇ ತೊಲೆಯ ಮೇಲ್ಮೈ ಬಿರುಕು, ಮೊಳೆ ತೂತು, ಸುಣ್ಣದಿಂದ ಕೆಟ್ಟಿರುತ್ತದೆ. ಎಲ್ಲ ಕಡೆ ಅರ್ಧ ಇಂಚು ತೆಗೆದರೆ ಉಳಿಯುವುದು 7 ಇಂಚು, 5 ಇಂಚು. ಅಂದರೆ 2.4 ಘನ ಅಡಿ. ಕಾಲುಭಾಗಕ್ಕಿಂತ ಜಾಸ್ತಿ ಹೋಯಿತು. ಇದನ್ನು ಸೀಳಿದರೆ 5 ಇಂಚು, 3 ಇಂಚಿನ ಎರಡು ಉದ್ದನೆಯ ತುಂಡು ಬರುತ್ತವೆ. ಒಂದೊಂದರಲ್ಲಿ ಬಾಗಿಲ ಚೌಕಟ್ಟಿನ 7 ಅಡಿಯ ನಿಲುವು ತೆಗೆದರೆ 3 ಅಡಿ ಉಳಿಯುತ್ತದೆ. ಮೂರೂವರೆ ಅಡಿಯ ತಲೆಬಾಗಿಲಿನ ಅಡ್ಡಪಟ್ಟಿಗೆ ಅದು ಸಾಲುವುದಿಲ್ಲ. ಎರಡೂವರೆ ಅಡಿಯ ಒಳಬಾಗಿಲಿಗೆ ಸರಿಹೋಗುತ್ತದೆ. ಇಷ್ಟು ಗೊತ್ತಿದ್ದರೆ ಎಂಜಿನಿಯರ್ ಯಾವ ಬಾಗಿಲನ್ನು ಎಷ್ಟಕ್ಕೆ ಬಿಡಬೇಕು ಅಂತ ಮೊದಲೇ ಬರೆಯುತ್ತಾರೆ.

ಮನೆ ಹೇಗೆ ಬಿಚ್ಚಿಸಬೇಕು? ಜೆಸಿಬಿ ಬೇಗ ಆಗುತ್ತದಲ್ವಾ?

ಬೇಗ ಆಗುತ್ತದೆ. ಕಟ್ಟಿಗೆಯೂ ಬೇಗ ಮುರಿಯುತ್ತದೆ. ಕೈಯಿಂದಲೇ ಬಿಚ್ಚಿಸಿ, ಮೇಲಿನಿಂದ ಕೆಳಕ್ಕೆ ಬನ್ನಿ. ಮೊದಲು ಮಾಳಿಗೆಯ ಮಣ್ಣು ಇಳಿಸಬೇಕು. ಆಮೇಲೆ ಹಲಗೆ, ಜಂತಿ, ತೊಲೆ. ಕೊನೆಗೆ ಬೋದಿಗೆ (ಕಂಬದ ತಲೆಯ ಮೇಲೆ ಕೂತು ತೊಲೆ ಹೊರುವ ತುಂಡು), ಕಂಬ. ಮಣ್ಣು ಇರುವಾಗಲೇ ಕೆಳಗಿನ ಕಂಬಕ್ಕೆ ಕೈಹಾಕಿದರೆ ಜೀವಕ್ಕೇ ಅಪಾಯ. ಗೋಡೆಗೆ ಜೆಸಿಬಿ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಕಟ್ಟಿಗೆ ಪೂರಾ ಇಳಿದ ಮೇಲೆ.

ಪ್ರತಿ ತುಂಡಿಗೂ ಇಳಿಸುವ ಮೊದಲೇ ಆಯಿಲ್ ಪೇಂಟಿನಿಂದ ನಂಬರ್ ಬರೆಯಿರಿ. ಸುಣ್ಣದ ಕಡ್ಡಿಯಿಂದ ಬರೆದರೆ ಅಳಿಸಿಹೋಗುತ್ತದೆ. "ಪಡಸಾಲೆ, ಎಡಗಡೆ ಎರಡನೇ ಕಂಬ" ಅಂತ ಮೊಬೈಲಿನಲ್ಲಿ ಫೋಟೋ ಇರಲಿ. ಕಂಬ ಮತ್ತು ಅದರ ಬೋದಿಗೆ ಒಂದಕ್ಕೊಂದು ಕೂತು ಹೊಂದಿಕೊಂಡಿರುತ್ತವೆ. ಬೇರೆಯದರ ಜೊತೆ ಸೇರಿಸಿದರೆ ಸಂದು ಬೀಳುತ್ತದೆ.

ಮಳೆಗಾಲಕ್ಕೆ ಮೊದಲು ಮುಗಿಸಿ. ಬೇಸಿಗೆಯಲ್ಲಿ ಬಿಸಿಲು 42, 43 ಡಿಗ್ರಿ ದಾಟುವುದರಿಂದ ಆಳುಗಳನ್ನು ಬೆಳಿಗ್ಗೆ ಆರಕ್ಕೇ ಕರೆಯಿರಿ. ಗೋಡೆಯ ಸಂದಿಯಲ್ಲಿ ಚೇಳು ಇದ್ದೇ ಇರುತ್ತವೆ, ಬರಿಗೈ ಹಾಕಬೇಡಿ. ಮಾಳಿಗೆ ಮಣ್ಣನ್ನು ಸುಮ್ನೆ ತಿಪ್ಪೆಗೆ ಹಾಕಬೇಡಿ, ಹೊಲಕ್ಕೆ ಬೇಕು ಅನ್ನುವವರು ಊರಲ್ಲಿ ಸಿಕ್ಕೇ ಸಿಗುತ್ತಾರೆ.

ಇದು ಸಾಗವಾನಿಯೋ ಬೇರೆಯೋ ಅಂತ ಹೇಗೆ ತಿಳಿಯುವುದು?

ಮೇಲ್ನೋಟಕ್ಕೆ ತಿಳಿಯುವುದಿಲ್ಲ. ನೂರು ವರ್ಷದ ಹೊಗೆ, ಎಣ್ಣೆ, ಸುಣ್ಣ ಕೂತು ಎಲ್ಲವೂ ಕರ್ರಗೆ ಕಾಣುತ್ತವೆ. ಬಡಿಗೇರರ ಕೈಯಲ್ಲಿ ಒಂದು ಮೂಲೆಯಲ್ಲಿ ಉಜ್ಜುಗೊರಡು ಆಡಿಸಿ, ಹೊಸ ಮೈ ನೋಡಿ. ಸಾಗವಾನಿ ಬಂಗಾರದ ಛಾಯೆಯ ಕಂದು. ಮುಟ್ಟಿದರೆ ಸ್ವಲ್ಪ ಜಿಡ್ಡು, ಮೂಸಿದರೆ ತೊಗಲಿನ ವಾಸನೆ. ಬೇವು ಕೆಂಪಗಿರುತ್ತದೆ. ಜಾಲಿ ತುಂಬಾ ಗಟ್ಟಿ, ಭಾರ, ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತದೆ. ಬಂಡಿ, ಕುಂಟಿಗೆ ಜಾಲಿಯನ್ನೇ ಹುಡುಕುತ್ತಿದ್ದದ್ದು ಅದಕ್ಕೇ.

ನಮ್ಮ ಕಡೆಯ ಮನೆಗಳಲ್ಲಿ ಎಲ್ಲವೂ ಸಾಗವಾನಿ ಇರುವುದಿಲ್ಲ. ಬಾಗಿಲು, ಕಂಬ ಸಾಗವಾನಿಯಾದರೂ ಜಂತಿ ಬೇವೋ ಜಾಲಿಯೋ ಇರಬಹುದು. ಹೊಲದ ಮರ ಕಡಿದು ಹಾಕಿದ್ದು. ಬೇವು, ಜಾಲಿ ಅಂತ ಕೀಳಾಗಿ ನೋಡಬೇಡಿ. ಒಳಗಿನ ಕೆಚ್ಚು ಗಟ್ಟಿಯಿದ್ದರೆ ಮೆಟ್ಟಿಲಿಗೆ, ಬೆಂಚಿಗೆ ಧಾರಾಳವಾಗಿ ಆಗುತ್ತದೆ.

ಹುಳ ಹಿಡಿದಿದೆ. ಎಸೆಯಬೇಕಾ?

ಹುಳ ಇನ್ನೂ ಇದೆಯೋ, ಎಂದೋ ಬಂದು ಹೋಗಿದೆಯೋ ಅದನ್ನು ಮೊದಲು ನೋಡಿ. ಕಟ್ಟಿಗೆ ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಅಲ್ಲಾಡಿಸದೆ ಬಿಡಿ. ತೂತಿನ ಕೆಳಗೆ ತಿಳಿ ಬಣ್ಣದ ಹೊಸ ಹಿಟ್ಟು ಬಿದ್ದಿದ್ದರೆ ಒಳಗೆ ಕೆಲಸ ನಡೆದಿದೆ. ತೂತಿನ ಅಂಚು ಕಪ್ಪಾಗಿ, ಹಿಟ್ಟು ಬೀಳದಿದ್ದರೆ ಬಹುಪಾಲು ಹಳೇ ಕಥೆ. ಹುಳ ಸಾಮಾನ್ಯವಾಗಿ ಮರದ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ. ಅದನ್ನು ಕೆತ್ತಿ ತೆಗೆದರೆ ಒಳಗಿನ ಕೆಚ್ಚು ಚೆನ್ನಾಗಿರಬಹುದು.

ವರಲೆ (ಗೆದ್ದಲು) ಬೇರೆ ಲೆಕ್ಕ. ಅದು ಒಳಗಿಂದ ತಿಂದು ಮೇಲೆ ತೆಳ್ಳಗೆ ಸಿಪ್ಪೆ ಬಿಡುತ್ತದೆ. ಸುತ್ತಿಗೆಯಿಂದ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಖಣ್ ಅನ್ನುತ್ತದೆ, ಟೊಳ್ಳು ಇದ್ದ ಕಡೆ ಬದ್ ಅನ್ನುತ್ತದೆ. ಅನುಮಾನ ಬಂದ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ತೊಲೆಯ ಎರಡು ತುದಿಗಳನ್ನು ಮರೆಯಬೇಡಿ. ಗೋಡೆಯೊಳಗೆ ಹುದುಗಿ ತೇವ ಕುಡಿದ ಭಾಗ ಅದು, ಕೆಡುವುದು ಅಲ್ಲಿಂದಲೇ. ಒಂದೂವರೆ ಅಡಿ ತುದಿ ಕತ್ತರಿಸಿದರೆ ಉಳಿದದ್ದು ಹೊಸದರಂತೆ ಸಿಗುವುದು ಅಪರೂಪವೇನಲ್ಲ.

ಮದ್ದಿಗೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ನೀರು ಹಚ್ಚುತ್ತಾರೆ. ಪಾಲಿಶ್ ಹೊಡೆಯುವ ಮೊದಲು ಹಚ್ಚಬೇಕು, ಆಮೇಲೆ ಹಚ್ಚಿದರೆ ಕಟ್ಟಿಗೆ ಹೀರಿಕೊಳ್ಳುವುದಿಲ್ಲ. ಮಳೆ ಬೀಳುವ ಕಡೆ ಇದು ತೊಳೆದುಹೋಗುತ್ತದೆ, ಒಳಾಂಗಣಕ್ಕೆ ಮಾತ್ರ ಇಟ್ಟುಕೊಳ್ಳಿ. ಸುಟ್ಟ ಎಂಜಿನ್ ಆಯಿಲ್ ಹಚ್ಚುವ ರೂಢಿ ಹಳ್ಳಿಯಲ್ಲಿದೆ. ದನದ ಕೊಟ್ಟಿಗೆಗೆ ಸರಿ, ಮಲಗುವ ಕೋಣೆಗೆ ಬೇಡ. ವಾಸನೆ ಹೋಗುವುದಿಲ್ಲ, ಪಾಲಿಶ್ ಹಿಡಿಯುವುದಿಲ್ಲ. ಪಾಯ ತೆಗೆಯುವಾಗಲೇ ನೆಲಕ್ಕೆ ವರಲೆ ಮದ್ದು ಹಾಕಿಸುವುದು ಇದೆಲ್ಲಕ್ಕಿಂತ ಮೇಲು.

ಪ್ರವಾಹದಲ್ಲಿ ನೆನೆದ ಕಟ್ಟಿಗೆ ಬಳಸಬಹುದಾ?

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದ ಮೇಲೆ ಅಫಜಲಪುರ, ಜೇವರ್ಗಿ ಕಡೆಯವರು ಇದನ್ನು ಬಹಳ ಕೇಳಿದರು. ಬಳಸಬಹುದು, ಆದರೆ ನಿಧಾನಕ್ಕೆ ಒಣಗಬೇಕು. ಬಿಸಿಲಿಗೆ ಹಾಕಬೇಡಿ. ಹೊರಮೈ ಬೇಗ ಒಣಗಿ ಒಳಮೈ ಹಸಿ ಉಳಿದರೆ ಕಟ್ಟಿಗೆ ಸೀಳುತ್ತದೆ. ಕೆಸರು ತೊಳೆದು, ನೆರಳಲ್ಲಿ, ಗಾಳಿ ಆಡುವಲ್ಲಿ ಇಡಿ.

ಮನೆ ಮುಗಿಯುವವರೆಗೆ ಎಲ್ಲಿ ಇಡುವುದು?

ನೆಲದ ಮೇಲೆ ಬೇಡ. ಕೆಳಗೆ ಶಹಾಬಾದ್ ಪರಸಿ ಕಲ್ಲು ಹಾಸಿ, ಅದರ ಮೇಲೆ ಇಟ್ಟಿಗೆ ಸಾಲು, ಅದರ ಮೇಲೆ ಕಟ್ಟಿಗೆ. ಒಂದೊಂದು ಸಾಲಿನ ನಡುವೆ ಒಂದಿಂಚಿನ ಪಟ್ಟಿ ಅಡ್ಡ ಇಡಿ. ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಬರಲಿ, ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತವೆ. ಮೇಲೆ ತಗಡು ಮುಚ್ಚಿ, ಪಕ್ಕ ತೆರೆದಿಡಿ. ಪ್ಲಾಸ್ಟಿಕ್ ತಾಡಪತ್ರಿಯಿಂದ ಪೂರಾ ಸುತ್ತಿದರೆ ಒಳಗೆ ಬೆವರು ನಿಂತು ಬೂಷ್ಟು ಹಿಡಿಯುತ್ತದೆ. ಹೊಸದಾಗಿ ಕೊಯ್ದ ತುದಿಗಳಿಗೆ ದಪ್ಪ ಪೇಂಟ್ ಬಳಿದರೆ ಬೇಸಿಗೆಗೆ ಬಿರುಕು ಕಡಿಮೆ.

ತೇವ ಅಳೆಯುವ ಚಿಕ್ಕ ಮೀಟರ್ ಸಿಗುತ್ತದೆ. ಬಾಗಿಲು ಕೂಡಿಸುವ ಹೊತ್ತಿಗೆ ಶೇಕಡಾ 12ರ ಒಳಗೆ ತೋರಿಸಿದರೆ ನೆಮ್ಮದಿ.

ಕೊಯ್ಯುವ ಮಿಲ್ಲಿನವರು ಹಳೇ ಕಟ್ಟಿಗೆ ಬೇಡ ಅನ್ನುತ್ತಾರೆ. ಯಾಕೆ?

ಮೊಳೆಗಾಗಿ. ಒಂದು ಮೊಳೆ ತಾಗಿದರೆ ಬ್ಲೇಡ್ ಹಾಳು, ನಿಂತವರಿಗೂ ಅಪಾಯ. ನೀವೇ ಮೊದಲು ಮೊಳೆ ಕಿತ್ತು ಕಳಿಸಿ. ಗಟ್ಟಿ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕಟ್ಟಿಗೆಯ ಮೇಲೆ ಆಡಿಸಿದರೆ ಒಳಗೆ ಮುರಿದು ಕೂತದ್ದೂ ಸಿಕ್ಕಿಬೀಳುತ್ತದೆ. ಕಪ್ಪು ಕಲೆ ಇದ್ದ ಕಡೆ ಎರಡು ಸಲ ಹುಡುಕಿ, ಅದು ಕಬ್ಬಿಣದ ಕಲೆ. ಆ ಕಲೆ ಆಕ್ಸಾಲಿಕ್ ಆಸಿಡ್ ನೀರಿಗೆ ಹೋಗುತ್ತದೆ. ಅದು ವಿಷ, ಕೈಗವಸು ಹಾಕಿಕೊಂಡು ಮಾಡಿ.

ಹಳೇ ತೊಲೆ ಮೇಲೆಯೇ ಹೊಸ ಸ್ಲ್ಯಾಬ್ ಕೂಡಿಸಬಹುದಾ? ಮುತ್ಯಾನ ಕಾಲದಲ್ಲಿ ಅಷ್ಟು ಮಣ್ಣು ಹೊತ್ತಿತ್ತಲ್ಲ?

ಹೊತ್ತಿತ್ತು, ನಿಜ. ಒಂದಡಿ ದಪ್ಪದ ಮಣ್ಣಿನ ಮಾಳಿಗೆ ಒಂದು ಚದರ ಮೀಟರಿಗೆ ಸುಮಾರು 480 ಕಿಲೋ ತೂಗುತ್ತದೆ. ಐದಿಂಚಿನ ಆರ್‌ಸಿಸಿ ಸ್ಲ್ಯಾಬ್ 310 ಕಿಲೋ ಆಸುಪಾಸು. ಆದರೂ ಬೇಡ. ಆ ತೊಲೆ ಎಷ್ಟು ದಣಿದಿದೆ, ತುದಿ ಎಷ್ಟು ಕೊಳೆತಿದೆ ಅಂತ ಹೊರಗಿಂದ ಹೇಳಲಾಗದು. ಭಾರ ಹೊತ್ತ ಕಟ್ಟಿಗೆ ವರ್ಷಗಳ ಮೇಲೆ ಮೆಲ್ಲಗೆ ಬಗ್ಗುತ್ತಲೂ ಹೋಗುತ್ತದೆ. ಕಾಂಕ್ರೀಟು ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ.

1993ರ ಸೆಪ್ಟೆಂಬರ್ 30ರ ನಸುಕಿನ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. ಬೀದರ್, ಕಲಬುರಗಿಯಲ್ಲೂ ನೆಲ ಅಲ್ಲಾಡಿತ್ತು. ಕಿಲ್ಲಾರಿ ಕಡೆ ಜನ ಸತ್ತದ್ದು ಹೆಚ್ಚಾಗಿ ದಪ್ಪ ಕಲ್ಲುಗೋಡೆ ಮತ್ತು ಮಾಳಿಗೆ ಮಣ್ಣಿನ ಕೆಳಗೆ. ಕಂಬ, ತೊಲೆಗಳ ಕಟ್ಟು ಗಟ್ಟಿಯಿದ್ದ ಎಷ್ಟೋ ಕಡೆ ಗೋಡೆ ಉರುಳಿದರೂ ಕಟ್ಟಿಗೆಯ ಹಂದರ ನಿಂತಿತ್ತು. ಅಂದರೆ ಕಟ್ಟಿಗೆಯ ಮೇಲೆ ಅಪನಂಬಿಕೆ ಬೇಕಿಲ್ಲ, ಅದರ ಮೇಲೆ ಹೇರುವ ಭಾರದ ಮೇಲೆ ಎಚ್ಚರ ಬೇಕು. ವರಾಂಡದ ಹಗುರ ತಗಡು ಅಥವಾ ಹೆಂಚಿನ ಚಾವಣಿಗೆ ಹಳೇ ಕಂಬ, ತೊಲೆ ಚೆನ್ನಾಗಿ ಒಪ್ಪುತ್ತವೆ. ಅದನ್ನೂ ಎಂಜಿನಿಯರಿಗೆ ತೋರಿಸಿಯೇ ಮಾಡಿ. ಕಂಬದ ಬುಡವನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ. ಹಳಬರು ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು, ಅದೇ ಸರಿ.

ಎಷ್ಟು ವರ್ಷ ಬಾಳುತ್ತದೆ?

ನೀರು ತಾಕದಿದ್ದರೆ ನಮಗಿಂತ ಜಾಸ್ತಿ. ಬೀದರ್ ಕೋಟೆಯ ರಂಗೀನ್ ಮಹಲಿಗೆ ಹೋಗಿ ಅಲ್ಲಿನ ಕೆತ್ತನೆಯ ಮರದ ಕಂಬ ನೋಡಿ ಬನ್ನಿ. 16ನೇ ಶತಮಾನದ ಬರೀದ್ ಶಾಹಿಗಳ ಕಾಲದ್ದು.

ಹಳೇ ಬಾಗಿಲು ಐದಡಿ ಎತ್ತರ ಇದೆ. ಹೊಸ ಮನೆಗೆ ಹೇಗೆ ಕೂಡಿಸುವುದು?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಮೂರು ದಾರಿ ನೋಡಿದ್ದೇನೆ. ಮೊದಲನೆಯದು ಬಾಗಿಲನ್ನು ಹಾಗೇ ಇಟ್ಟು, ಏಳಡಿಯ ಹೊಸ ಚೌಕಟ್ಟು ಮಾಡಿ, ಮೇಲೆ ಎರಡಡಿ ಜಾಲರಿ ಇಡುವುದು. ಗಾಳಿ ಬೆಳಕು ಬರುತ್ತದೆ. ಆದರೆ ಅಡ್ಡಪಟ್ಟಿ ಹಣೆಗೆ ಬಡಿಯುವ ಎತ್ತರದಲ್ಲೇ ಉಳಿಯುತ್ತದೆ. ಹಳೇ ಮನೆಯಲ್ಲಿ ಎಲ್ಲರೂ ಬಗ್ಗಿ ಬರುತ್ತಿದ್ದರು, ಈಗಿನ ಆರಡಿ ಹುಡುಗರು ಬಗ್ಗುವುದಿಲ್ಲ. ಎರಡನೆಯದು ಬಾಗಿಲ ಕೆಳಗೆ ಮೇಲೆ ಹೊಸ ಹಲಗೆ ಸೇರಿಸಿ ಎತ್ತರ ಮಾಡುವುದು. ಬಡಿಗೇರರು ಒಳ್ಳೆಯವರಾದರೆ ಗೊತ್ತೇ ಆಗುವುದಿಲ್ಲ, ಇಲ್ಲದಿದ್ದರೆ ತೇಪೆ ಎದ್ದು ಕಾಣುತ್ತದೆ. ಮೂರನೆಯದು ನನಗೆ ಇಷ್ಟ. ತಲೆಬಾಗಿಲಿಗೆ ಹಾಕುವ ಹಟ ಬಿಟ್ಟು ದೇವರ ಕೋಣೆಗೆ ಹಾಕುವುದು. ಅಲ್ಲಿ ಬಗ್ಗಿ ಒಳಗೆ ಹೋದರೆ ಯಾರಿಗೂ ಬೇಜಾರಿಲ್ಲ.

ಹಳೇ ಬಾಗಿಲಿಗೆ ಬಿಜಾಗರಿ ಇರುವುದಿಲ್ಲ. ಬಾಗಿಲಿನದೇ ಒಂದು ಗೂಟ ಮೇಲೆ, ಒಂದು ಕೆಳಗೆ, ಕುಳಿಯಲ್ಲಿ ಕೂತು ತಿರುಗುತ್ತದೆ. ಬಡಿಗೇರರು ಆ ಗೂಟ ಕತ್ತರಿಸಿ ಬಿಜಾಗರಿ ಹಚ್ಚಲು ಹೊರಡುತ್ತಾರೆ, ತಡೆಯಿರಿ. ಭಾರದ ಬಾಗಿಲಿಗೆ ಹಳೇ ಏರ್ಪಾಡೇ ಗಟ್ಟಿ. ಕೆಳಗಿನ ಕುಳಿಗೆ ಹೊಸ ಕಲ್ಲು ಕೊರೆಸಿದರೆ ಆಯಿತು. ಸರಪಳಿ ಚಿಲಕ, ಹಿತ್ತಾಳೆ ಗುಂಡು, ಉಂಗುರ ಬಿಚ್ಚುವಾಗ ಒಂದು ಡಬ್ಬಿಯಲ್ಲಿ ಹಾಕಿ ನೀವೇ ಇಟ್ಟುಕೊಳ್ಳಿ. ಕೆಲಸದ ಜಾಗದಿಂದ ಮೊದಲು ಮಾಯವಾಗುವುದು ಅವೇ.

ಹಳೇ ಬಣ್ಣ ಹೇಗೆ ತೆಗೆಯುವುದು?

ಒಣ ಉಜ್ಜುವಿಕೆ ಬೇಡ, ಮಷೀನ್ ಸ್ಯಾಂಡರಂತೂ ಬೇಡವೇ ಬೇಡ. ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಒದ್ದೆ ಮಾಡಿ ಕೆರೆಯಿರಿ, ಅಥವಾ ಬಣ್ಣ ಬಿಡಿಸುವ ದ್ರಾವಣ ಹಚ್ಚಿ. ಮಾಸ್ಕ್ ಹಾಕಿ, ಮಕ್ಕಳನ್ನು, ಬಸುರಿಯರನ್ನು ದೂರ ಇಡಿ. ಅಡುಗೆಮನೆಯ ಮಸಿ ಇದ್ದರೆ ಹೆದರಬೇಕಿಲ್ಲ, ಸೋಡಾ ಬೆರೆಸಿದ ಬಿಸಿನೀರಿಗೆ ಬಿಡುತ್ತದೆ.

ಯಾವ ಎಣ್ಣೆ ಹಚ್ಚಬೇಕು?

ಅಗಸಿ ಎಣ್ಣೆ. ತೆಳ್ಳಗೆ ಹಚ್ಚಿ, ಒಂದು ದಿನ ಬಿಟ್ಟು ಮತ್ತೆ ತೆಳ್ಳಗೆ. ಅದು ಒಣಗಿ ಪದರವಾಗುತ್ತದೆ. ಶೇಂಗಾ ಎಣ್ಣೆ ಒಣಗುವುದಿಲ್ಲ. ಹಾಗೇ ಅಂಟಂಟು ಉಳಿದು ಧೂಳು ಹಿಡಿಯುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆ ಬೆಂಕಿ ಕಡ್ಡಿ ಇಲ್ಲದೆ ತಾನಾಗಿಯೇ ಹತ್ತಿಕೊಳ್ಳಬಹುದು, ಅದೂ ನಮ್ಮ ಮೇ ತಿಂಗಳ ಸೆಕೆಯಲ್ಲಿ. ಹರಡಿ ಬಯಲಲ್ಲಿ ಒಣಹಾಕಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇಡಿ.

ಹಳೇ ಕಟ್ಟಿಗೆ ಹೊಸ ಮನೆಗೆ ಹಾಕಬಾರದು ಅಂತಾರಲ್ಲ?

ಅನ್ನುತ್ತಾರೆ. ಕಟ್ಟಿಗೆಯ ಬಾಳಿಕೆಗೂ ಅದಕ್ಕೂ ಸಂಬಂಧವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಮನೆಯಲ್ಲಿ ಆಯಿಗೋ ಅತ್ತೆಗೋ ಮನಸ್ಸು ಒಪ್ಪದಿದ್ದರೆ ವಾದ ಮಾಡಿ ಗೆಲ್ಲುವುದರಲ್ಲಿ ಏನು ಸುಖ? ಹೊಸ್ತಿಲು, ತಲೆಬಾಗಿಲ ಚೌಕಟ್ಟು ಹೊಸ ಕಟ್ಟಿಗೆಯದೇ ಇರಲಿ, ಪೂಜೆ ಮಾಡಿ ನಿಲ್ಲಿಸಿ. ಹಳೆಯದರಿಂದ ಜೋಕಾಲಿ, ತೊಟ್ಟಿಲು, ಊಟದ ಮೇಜು, ಮೆಟ್ಟಿಲ ಹಲಗೆ ಮಾಡಿಸಿ. ಪೀಠೋಪಕರಣಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ.

ಅಣ್ಣತಮ್ಮಂದಿರ ನಡುವೆ ಕಟ್ಟಿಗೆ ಹಂಚುವುದು ಹೇಗೆ?

ಜಗಳ ಹೊಲಕ್ಕಾಗಿ ಮಾತ್ರ ಅಂದುಕೊಳ್ಳಬೇಡಿ, ಒಂದು ಜೋಡಿ ಕಂಬಕ್ಕೂ ಆಗುತ್ತದೆ. ಮನೆ ಕೂಡು ಆಸ್ತಿಯಾದರೆ ಅದರ ಕಟ್ಟಿಗೆಯೂ ಕೂಡು ಆಸ್ತಿಯೇ. ಹಿಂದೂ ಅವಿಭಕ್ತ ಕುಟುಂಬದಲ್ಲಿ 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. "ಅಕ್ಕ ಲಗ್ನವಾಗಿ ಸೊಲ್ಲಾಪುರಕ್ಕೆ ಹೋಗಿದ್ದಾಳೆ, ಅವಳಿಗೇನು" ಅನ್ನುವ ಮಾತು ನಡೆಯುವುದಿಲ್ಲ.

ಬಿಚ್ಚುವ ಮೊದಲೇ ಎಲ್ಲರೂ ಕೂತು ಪಟ್ಟಿ ಮಾಡಿ. ಘನ ಅಡಿಯ ಲೆಕ್ಕದಲ್ಲಿ ತೊಲೆ, ಜಂತಿ ಹಂಚಬಹುದು. ಕೆತ್ತನೆ ಬಾಗಿಲು, ತೊಟ್ಟಿಲ ಕೊಂಡಿ ಇದ್ದ ತೊಲೆಯನ್ನು ಘನ ಅಡಿಯಲ್ಲಿ ಅಳೆಯಲಾಗದು. ಅವನ್ನು ಬೇಕು ಅನ್ನುವವರಿಗೆ ಬಿಟ್ಟುಕೊಟ್ಟು ಉಳಿದವರು ತೊಲೆಯಲ್ಲಿ ಸರಿದೂಗಿಸಿಕೊಳ್ಳಿ. ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಇರಲಿ. ಒಬ್ಬರ ಮನೆಗೆ ಕೂಡಿಸಿದ ಮೇಲೆ ಅದು ಆ ಮನೆಯ ಭಾಗ, ಮರಳಿ ಕೇಳುವಂತಿಲ್ಲ ಅನ್ನುವುದನ್ನೂ ಬರೆಯಿರಿ.

ಸರ್ಕಾರಿ ಪರವಾನಗಿ ಏನಾದರೂ ಬೇಕಾ?

ಅದೇ ಜಾಗದಲ್ಲಿ ಬಿಚ್ಚಿ ಅಲ್ಲೇ ಬಳಸಿದರೆ ತಲೆನೋವು ಕಡಿಮೆ. ಲಾರಿಯಲ್ಲಿ ಬೇರೆ ಊರಿಗೆ, ಅದರಲ್ಲೂ ಗಡಿ ದಾಟಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಒಯ್ಯುವುದಿದ್ದರೆ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಕಟ್ಟಿಗೆ ಸಾಗಣೆಗೆ ಪಾಸ್ ಕೇಳುವ ನಿಯಮಗಳಿವೆ. ಚೆಕ್‌ಪೋಸ್ಟಿನಲ್ಲಿ "ಇದು ನಮ್ಮ ಮುತ್ಯಾನ ಮನೆಯದು ಸಾಹೇಬ್ರೆ" ಅಂದರೆ ಸಾಲದು. ಮನೆಯ ಖಾತೆ, ಬಿಚ್ಚುವ ಮೊದಲಿನ ಫೋಟೋ, ತುಂಡುಗಳ ಪಟ್ಟಿ ಕೈಯಲ್ಲಿರಲಿ.

ಬೀದರ್ ಕೋಟೆ, ಕಲಬುರಗಿ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್ ಅನುಮತಿ ಬೇಕು. ಬೀದರಿನ ಹಳೇ ಊರಿನವರು ಮನೆ ಕೆಡವುವ ಮೊದಲು ಇದನ್ನು ನೋಡಿಕೊಳ್ಳಬೇಕು. ಕೆಡವಿದ ಮೇಲೆ ಕಟ್ಟಲು ಬಿಡದಿದ್ದರೆ ಇದ್ದ ಮನೆಯೂ ಇಲ್ಲ. ಅಂಥ ಕಡೆ ರಿಪೇರಿಯೇ ಜಾಣತನ, ಅದಕ್ಕೂ ಅನುಮತಿ ಪಡೆಯಬೇಕು.

ಗುಜರಿಯವರು ಒಳ್ಳೆ ರೇಟ್ ಹೇಳುತ್ತಿದ್ದಾರೆ. ಕೊಡಲಾ?

ಒಬ್ಬರ ರೇಟಿಗೆ ಕೊಡಬೇಡಿ. "ಹಳೇ ಸೌದೆ" ಅಂತ ತೂಕದಲ್ಲಿ ಕೇಳುವವರು ಕೆತ್ತನೆ ಬಾಗಿಲನ್ನು ಬೇರೆ ಊರಲ್ಲಿ ಎಷ್ಟಕ್ಕೆ ಮಾರುತ್ತಾರೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಸಾಗವಾನಿ ಒಂದು ಘನ ಅಡಿ ಒಣಗಿದ್ದರೆ ಸುಮಾರು 18 ಕಿಲೋ. ಅವರು ಹೇಳಿದ ಕಿಲೋ ರೇಟನ್ನು 18ರಿಂದ ಗುಣಿಸಿ, ಹೊಸ ಸಾಗವಾನಿಯ ಘನ ಅಡಿ ರೇಟಿನ ಪಕ್ಕ ಇಟ್ಟು ನೋಡಿ. ನೂರು ವರ್ಷ ದಾಟಿದ ಕಲಾಕೃತಿಗಳನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವುದಕ್ಕೆ 1972ರ ಪುರಾವಸ್ತು ಕಾಯ್ದೆಯ ತಡೆಯಿದೆ, ಅದೂ ತಿಳಿದಿರಲಿ.

ಕೊನೆಗೆ ದುಡ್ಡು ಉಳಿಯುತ್ತದಾ?

ದೊಡ್ಡ ತೊಲೆ, ಕಂಬ ಇದ್ದರೆ ಉಳಿಯುತ್ತದೆ. ಸಣ್ಣ ತುಂಡುಗಳೇ ಜಾಸ್ತಿ ಇದ್ದರೆ ಉಳಿಯುವುದಿಲ್ಲ. ಮೊಳೆ ಕೀಳುವ ಕೂಲಿ, ಮಿಲ್ಲಿನ ಕೊಯ್ಲು, ಬಡಿಗೇರರ ದಿನಗೂಲಿ ಸೇರಿಸಿದರೆ ಅಂಗಡಿಯ ಬಾಗಿಲೇ ಅಗ್ಗ. ಬಡಿಗೇರರ ಜೊತೆ ಗುತ್ತಿಗೆಗಿಂತ ದಿನಗೂಲಿ ಮಾತಾಡುವುದು ಒಳ್ಳೆಯದು. ಗುತ್ತಿಗೆಯಲ್ಲಿ ಅವಸರ ಬರುತ್ತದೆ, ಅವಸರದಲ್ಲಿ ಉದ್ದದ ತೊಲೆ ಗಿಡ್ಡ ಆಗುತ್ತದೆ.

ಉಳಿದ ಚೂರು ಕಟ್ಟಿಗೆ ಏನು ಮಾಡಲಿ?

ಗೂಟ, ಕಪಾಟಿನ ಹಿಡಿಕೆ, ಮಣೆ, ಲಟ್ಟಣಿಗೆ ಆಗುತ್ತವೆ. ಆದರೂ ಒಂದಿಷ್ಟು ಉಳಿಯುತ್ತದೆ. ಬಣ್ಣ ಕಾಣದ, ಮದ್ದು ತಾಗದ ಚೂರು ಮಾತ್ರ ನೀರು ಕಾಯಿಸುವ ಒಲೆಗೆ ಹಾಕಿ. ಪೇಂಟ್ ಹತ್ತಿದ್ದು, ಹುಳದ ಮದ್ದು ಹಚ್ಚಿದ್ದು ಸುಟ್ಟರೆ ವಿಷದ ಹೊಗೆ, ಆ ಬೂದಿಯನ್ನು ಪಾತ್ರೆ ತಿಕ್ಕಲೂ ಬಳಸುವಂತಿಲ್ಲ. ಅಂಥದ್ದನ್ನು ಬೇರೆ ಚೀಲದಲ್ಲಿ ಕಟ್ಟಿ ಪಾಲಿಕೆಯ ಕಸದ ಗಾಡಿಯವರಿಗೆ ಏನಿದೆ ಅಂತ ಹೇಳಿಯೇ ಕೊಡಿ.